ವಿಮಾನದಲ್ಲಿ ಮಾವನವರು ಎದ್ದು ನಿಂತಾಗ

ಪುಟ್ಟೀ, ಗುಂಡ್ಯಾ, ಹೋದ ಸಲ ರಜೆಗೆ ಬಂದಾಗ ನೀವಿಬ್ಬರೂ ನನ್ನ ತಲೆ ಬಾಚುತ್ತ, ಕೂದಲು ಹುಟ್ಟದ ಬೊಟ್ಟಿನಗಲ ಜಾಗವೊಂದನ್ನು ಹುಡುಕಿ, "ಇದೇನಜ್ಜಿ?" ಎಂದು ಕೇಳಿದಿರಿ. ಬಾವಿಕಟ್ಟೆಯ ಮೇಲೆ ಜಾರಿ ಬಿದ್ದೆ ಎಂದು ಹೇಳಿದೆ. ಅದು ಸುಳ್ಳು. ಎದುರಿಗೆ ಕುಳಿತು ಇಂಥದನ್ನೆಲ್ಲ ಹೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದೆ, ಅದರಿಂದ ಬರೆಯುತ್ತೇನೆ. ಆ ಗಾಯ ಆದದ್ದು ವಿಮಾನದಲ್ಲಿ.

ನನ್ನ ತವರು ಇಳಕಲ್ಲಿನ ಹತ್ತಿರದ ಹಳ್ಳಿ. ಕೊಟ್ಟದ್ದು ಹುನಗುಂದಕ್ಕೆ. ಮಾವನವರು ಅಲ್ಲಿಯ ಕೋರ್ಟಿನಲ್ಲಿ ವಕೀಲರು. ನಿಮ್ಮಜ್ಜ ಬಾದಾಮಿಯಲ್ಲಿ ಮಾಸ್ತರು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಆ ಮನೆಯಲ್ಲಿ ಸೊಸೆ ಮಾವನೆದುರು ಕೂಡುವಂತಿರಲಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಎದ್ದು ಕಂಬದ ಹಿಂದೆ ನಿಲ್ಲಬೇಕು, ಅವರು ಹೋಗುವ ತನಕ ನಿಂತೇ ಇರಬೇಕು. ನನ್ನೊಡನೆ ಅವರು ನೇರವಾಗಿ ಮಾತಾಡಿದ್ದಿಲ್ಲ. ನಾನಂತೂ ಅವರೆದುರು ತುಟಿ ಬಿಚ್ಚಿದ್ದಿಲ್ಲ. ಏನಾದರೂ ಬೇಕಾದರೆ ಅತ್ತೆಗೆ ಹೇಳುತ್ತಿದ್ದರು, ಅತ್ತೆ ಇಲ್ಲದಿದ್ದರೆ ಗೋಡೆಗೆ. "ನೀರು ಬೇಕಂತ ಹೇಳು" ಎಂದು ಗೋಡೆಗೆ ಹೇಳಿದರೆ ನಾನು ತಂಬಿಗೆ ತಂದಿಡುತ್ತಿದ್ದೆ. ನಾಲ್ಕು ವರ್ಷ ಹೀಗೆ ನಡೆದು, ಅವರ ಕೆಮ್ಮು ಕಿವಿಗೆ ಬಿದ್ದರೆ ಸಾಕು, ನನ್ನ ಮೊಣಕಾಲು ತಾನಾಗಿ ನೆಟ್ಟಗಾಗುತ್ತಿತ್ತು.

ಆ ನಾಲ್ಕು ವರ್ಷದಲ್ಲಿ ಎರಡು ಗರ್ಭ ಹೋದವು. ಮೊದಲನೆಯದು ಬಾಗಲಕೋಟೆಯ ಬಸ್ಸಿನಲ್ಲಿ. ಎರಡನೆಯದು ಬಾದಾಮಿಯಿಂದ ಶಿವಯೋಗ ಮಂದಿರಕ್ಕೆ ಹೊರಟಿದ್ದ ಚಕ್ಕಡಿಯಲ್ಲಿ; ಕೆಳಗೆ ಹಾಸಿದ್ದ ಹುಲ್ಲೆಲ್ಲ ಕೆಂಪಾಯಿತು. ಮನೆಗೆ ಬಂದ ದಿನ ಅತ್ತೆ ಕೈಯಲ್ಲಿದ್ದ ಲಟ್ಟಣಿಗೆ ಬೀಸಿ ಎಸೆದರು. ನನಗೆ ತಾಗಲಿಲ್ಲ, ಹಿಂದಿನ ಗಡಿಗೆ ಒಡೆಯಿತು. "ಹೊಟ್ಟಿನೋ ತೂತಿನ ಚೀಲೋ ನಿಂದು? ಇನ್ನೊಂದ ಸಲ ಹಿಂಗಾತಂದ್ರ ತವರಿಗೆ ಕಳಸ್ತೇನಿ ನೋಡು, ಮಗಗ ಬ್ಯಾರೆ ಹೆಣ್ಣು ತರ್ತೇನಿ" ಎಂದರು. ನಾನು ಒಡೆದ ಗಡಿಗೆಯ ಬೋಕಿ ಆರಿಸುತ್ತ ಕುಳಿತೆ.

ಮೂರನೆಯದು ಐದು ತಿಂಗಳಿಗೆ ಬಂತು. ಕೂಸು ಹೊಟ್ಟೆಯೊಳಗೆ ಮೀನಿನ ಹಾಗೆ ಆಡಲು ಶುರುಮಾಡಿದ್ದ ವಾರ, ಬಾಗಲಕೋಟೆಯ ದವಾಖಾನೆಯ ಡಾಕ್ಟರಮ್ಮ ನನ್ನನ್ನು ನೋಡಿ ಮಾವನವರಿಗೆ ಹೇಳಿದರು: "ಈಕಿ ಗರ್ಭದ ಬಾಯಿ ಭಾಳ ಸಡ್ಲ ಐತ್ರಿ. ಮುಂಬೈಯಾಗ ಅದಕ್ಕ ಹೊಲಿಗಿ ಹಾಕಿ ಕೂಸು ಉಳಸ್ತಾರ. ಲಗೂನ ಹೋಗ್ರಿ. ಆದ್ರ ರೈಲು ಬ್ಯಾಡ, ಬಸ್ಸು ಬ್ಯಾಡ. ಕುಲುಕಾಟ ಆಗಬಾರ್ದು."

ಮಾವನವರ ಕಕ್ಷಿಗಾರರೊಬ್ಬರು ಬೆಳಗಾವಿಯಿಂದ ಮುಂಬಯಿಗೆ ಹಾರಿ ಬಂದವರಿದ್ದರು. "ವಿಮಾನದಾಗ ಕರ್ಕೊಂಡು ಹೋಗ್ರಿ ವಕೀಲ್ರ. ತುಂಬಿದ ಬಟ್ಟಲಾ ಹಿಡಕೊಂಡು ಕುಂತ್ರೂ ತುಳಕೂದಿಲ್ಲ" ಎಂದು ಅವರು ಆಣೆ ಮಾಡಿ ಹೇಳಿದರು. ನಿಮ್ಮಜ್ಜನಿಗೆ ಪರೀಕ್ಷೆಯ ದಿನಗಳು, ರಜೆ ಸಿಗಲಿಲ್ಲ. ಅತ್ತೆ ಮಡಿ ಬಿಟ್ಟು ಬರುವವರಲ್ಲ. ಹೀಗಾಗಿ ನಾನು ಮಾವನವರೊಬ್ಬರ ಜೊತೆಯಲ್ಲೇ ಹೊರಡಬೇಕಾಯಿತು. ಬೆಳಗಾವಿಯ ತನಕ ಹೋಗಲು ಅವರ ಪರಿಚಯದವರ ಮೋಟಾರಿನ ಹಿಂದಿನ ಸೀಟಿಗೆ ಎರಡು ಗಾದಿ ಹಾಸಿ ನನ್ನನ್ನು ಮಲಗಿಸಿದರು. ಕಲಾದಗಿ ದಾಟುವಷ್ಟರಲ್ಲಿ ಮಾವನವರು ಡ್ರೈವರನನ್ನು ಏಳೆಂಟು ಸಲ ಬೈದಿದ್ದರು. "ಇನ್ನೊಂದು ಕಲ್ಲು ಹತ್ತಿಸಿದೀ ಅಂದ್ರ ಕೆಳಗಿಳಿಸಿ ಒದೀತೇನಿ ಲೇ!" ಎನ್ನುವುದು ಮುಂದಿನಿಂದ ಕೇಳುತ್ತಿತ್ತು.

ವಿಮಾನ ಸಣ್ಣದು. ಒಳಗೆ ನೆಲ ಬಾಲದ ಕಡೆಗೆ ಇಳಿಜಾರು. ಎರಡೂ ಕಡೆ ಜೋಡಿ ಕುರ್ಚಿಗಳು, ನಡುವೆ ಓಣಿ. ಪ್ರಯಾಣಿಕರನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಇದ್ದಳು, ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಮಂಗಳೂರಿನ ಕಡೆಯವಳು, ಪುಸ್ತಕ ಓದಿದಂತೆ ಕನ್ನಡ ಆಡುತ್ತಿದ್ದಳು. ಮಾವನವರ ಪಕ್ಕದ ಕುರ್ಚಿ ತೋರಿಸಿ, "ಕುಳಿತುಕೊಳ್ಳಿ" ಎಂದಳು. ನಾನು ಸೆರಗು ಹಿಡಿದು ನಿಂತೇ ಇದ್ದೆ.

ಮಾವನವರು ಕಿಟಕಿಯ ಕಡೆಗೆ ಮುಖ ಮಾಡಿ, "ಹಿಂದ ಕೂಡು ಅಂತ ಆಕಿಗೆ ಹೇಳ್ರಿ" ಎಂದರು.

"ಅವರು ಇಲ್ಲೇ ನಿಂತಿದ್ದಾರಲ್ಲ, ನೀವೇ ಹೇಳಬಹುದಲ್ಲ?"

"ನೀವು ಹೇಳ್ರಿ ಅಂದೆ."

ಹುಡುಗಿ ನಗು ನುಂಗಿ ನನ್ನನ್ನು ಅವರ ಹಿಂದಿನ ಸಾಲಿನಲ್ಲಿ ಓಣಿಯ ಬದಿಗೆ ಕೂರಿಸಿದಳು. ಸೊಂಟಪಟ್ಟಿಯನ್ನು ಹೊಟ್ಟೆಯ ಮೇಲಿಂದ ತೆಗೆದು ಕೆಳಗೆ ತೊಡೆಯ ಬುಡಕ್ಕೆ ಬಿಗಿದು, ಕೊಂಡಿ ಹಾಕುವುದನ್ನೂ ಬಿಚ್ಚುವುದನ್ನೂ ತೋರಿಸಿದಳು. ಕಿವಿಗೆ ಅರಳೆ, ಬಾಯಿಗೆ ಪೆಪ್ಪರಮಿಂಟು, ವಾಂತಿಗೆ ಕಾಗದದ ಚೀಲ ಕೊಟ್ಟಳು. "ಎಷ್ಟು ತಿಂಗಳು?" ಎಂದು ಕಿವಿಯಲ್ಲಿ ಕೇಳಿದಳು. ನಾನು ಐದು ಬೆರಳು ತೋರಿಸಿದೆ. ಎರಡು ಹೋಗಿವೆ ಎಂದು ಎರಡು ಬೆರಳು ಮಡಚಿಯೂ ತೋರಿಸಿದೆ. ಅವಳ ನಗು ನಿಂತಿತು.

ಮೊದಲ ಅರ್ಧ ತಾಸು ಕಕ್ಷಿಗಾರರು ಹೇಳಿದ ಹಾಗೇ ಇತ್ತು. ಆಮೇಲೆ ಕಿಟಕಿಯ ಆಚೆ ಆಕಾಶ ಕಪ್ಪು ಕಂಬಳಿಯಂತಾಯಿತು. ಮುಂದಿನ ಬಾಗಿಲ ಮೇಲೆ ಕೆಂಪು ಅಕ್ಷರ ಹೊತ್ತಿಕೊಂಡವು. ವಿಮಾನ ನಡೆಸುವವರಲ್ಲಿ ಒಬ್ಬರು ಹೊರಗೆ ಬಂದು ಅವಳಿಗೆ ಏನೋ ಹೇಳಿ ಹೋದರು. ಅವಳು ಚಹಾ ಕೊಡುವುದನ್ನು ಅಲ್ಲಿಗೇ ಬಿಟ್ಟು, ಪ್ರತಿಯೊಬ್ಬರ ಪಟ್ಟಿ ಎಳೆದು ನೋಡುತ್ತ ಬಂದಳು. "ಮುಂದೆ ದೊಡ್ಡ ಮೋಡ ಇದೆ. ನಾನು ಹೇಳುವವರೆಗೆ ಯಾರೂ ಏಳಬಾರದು." ನನ್ನ ಹತ್ತಿರ ಬಂದು ಅದನ್ನೇ ಮೂರು ಸಲ ಹೇಳಿದಳು.

ಓಣಿಯ ಆಚೆ ಒಬ್ಬ ದಪ್ಪ ವ್ಯಾಪಾರಿ ಕುಳಿತಿದ್ದ. ಅವಳು ಬಟ್ಟಲು ತೆಗೆದುಕೊಂಡು ಹೋಗುವಾಗ ಅವಳ ಕೈಯನ್ನೇ ಹಿಡಿದ. "ಏ ಬಾಯಿ, ಎಲ್ಲಾರಿಗೂ ಚಹಾ ಆತು, ನನಗೆಲ್ಲಿ?"

"ಈಗ ಕೊಡಲು ಆಗುವುದಿಲ್ಲ. ಕೈ ಬಿಡಿ, ನಾನೂ ಕುಳಿತುಕೊಳ್ಳಬೇಕು."

"ತಿಕೀಟು ಪುಕ್ಕಟ ಕೊಟ್ಟೀರೇನು? ಅರ್ಧ ಬಟ್ಟಲಾ ಹಾಕಿ ಹೋಗು."

ಅವಳು ಬಿಡಿಸಿಕೊಳ್ಳಲು ಎಳೆದಾಡುತ್ತಿದ್ದಾಗ ವಿಮಾನ ಒಮ್ಮೆ ನಡುಗಿತು. ಮುಂದೆ ಮಾವನವರು ಕೆಮ್ಮಿದರು, ಪಟ್ಟಿ ಬಿಚ್ಚಿ ಎದ್ದು ನಿಂತರು. ನನ್ನ ಔಷಧದ ಬಾಟಲಿ ತಲೆಯ ಮೇಲೆ ಸಾಮಾನಿಡುವ ಜಾಳಿಗೆಯಲ್ಲಿದ್ದ ಚೀಲದಲ್ಲಿತ್ತು. ಅದು ಒಡೆದೀತೆಂದು ತೆಗೆಯಲು ಎದ್ದರಂತೆ.

ಮಾವನವರು ನಿಂತಿದ್ದಾರೆ, ನಾನು ಕುಳಿತಿದ್ದೇನೆ. ನನ್ನ ತಲೆಗೆ ಅಷ್ಟೇ ಹೊಳೆಯಿತು. ಹುಡುಗಿ ಮೂರು ಸಲ ಹೇಳಿದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೊಂಡಿ ಎತ್ತಿದೆ, ಸೆರಗು ಸರಿ ಮಾಡಿಕೊಂಡೆ, ಎದ್ದು ನಿಂತೆ.

ಆ ಗಳಿಗೆಗೆ ಕಾಲ ಕೆಳಗಿನ ನೆಲ ಇಲ್ಲವಾಯಿತು. ವಿಮಾನ ಕಲ್ಲಿನಂತೆ ಕೆಳಗೆ ಬಿತ್ತು, ನಾನು ಮೇಲೆ ಹೋದೆ. ತಲೆ ಜಾಳಿಗೆಯ ಕಬ್ಬಿಣಕ್ಕೆ ಬಡಿದು ಕಣ್ಣಲ್ಲಿ ಬೆಂಕಿ ಎದ್ದಿತು. ಟೋಪಿ, ಬಟ್ಟಲು, ಚೀಲ, ಮನುಷ್ಯರು ಎಲ್ಲ ಗಾಳಿಯಲ್ಲಿ. ಮಾವನವರ ರುಮಾಲು ಬಿಚ್ಚಿ ಹಾರುತ್ತಿತ್ತು. ನಾನು ಹೊಟ್ಟೆ ಕೆಳಗಾಗಿ ಕುರ್ಚಿಯ ಕೈಯ ಮೇಲೆ ಬೀಳುವುದರಲ್ಲಿದ್ದೆ. ಯಾರೋ ನನ್ನ ಸೀರೆಯ ಗಂಟಿಗೆ ಕೈ ಹಾಕಿ ಪಕ್ಕಕ್ಕೆಳೆದರು. ಆ ಹುಡುಗಿ. ತಾನು ಕೆಳಗಾಗಿ, ನನ್ನನ್ನು ಮೇಲೆ ಹಾಕಿಕೊಂಡು ಓಣಿಯಲ್ಲಿ ಬಿದ್ದಳು. ಎರಡು ಕೈಯಿಂದ ನನ್ನ ಹೊಟ್ಟೆಯ ಸುತ್ತ ಬಿಗಿಯಾಗಿ ಅಪ್ಪಿಕೊಂಡಳು, ಕಾಲುಗಳನ್ನು ಎರಡೂ ಕಡೆಯ ಕುರ್ಚಿಗೆ ಒತ್ತಿ ಹಿಡಿದಳು. ಚಹಾದ ದೊಡ್ಡ ಥರ್ಮಾಸು ಉರುಳಿ ಬಂದು ಅವಳ ತೋಳಿನ ಮೇಲೆ ಬಿಚ್ಚಿಕೊಂಡಿತು. ಚರ್ಮ ಬೆಂದ ವಾಸನೆ ನನಗೆ ಬಂತು. ಅವಳು ಕಿರುಚಿದಳು, ಕೈ ಮಾತ್ರ ಬಿಡಲಿಲ್ಲ.

ವಿಮಾನ ಮೇಲಕ್ಕೆ ಒದೆಯುತ್ತಿತ್ತು, ಮತ್ತೆ ಬೀಳುತ್ತಿತ್ತು. ಮಿಂಚು ಒಳಗೇ ಹೊಡೆದಂತಿತ್ತು. ಪಟ್ಟಿ ಸಡಿಲ ಬಿಟ್ಟಿದ್ದ ಆ ವ್ಯಾಪಾರಿ ನಮ್ಮ ಮೇಲೆ ಉರುಳಿದ. ಏಳಲು ಅವಳ ಜಡೆಯನ್ನು ಹಗ್ಗದಂತೆ ಹಿಡಿದು ಎಳೆದ, ಅವನ ಬೂಟುಗಾಲು ನನ್ನ ಬೆನ್ನಿಗೆ ಊರಿತು. ಮಾವನವರು ಕುರ್ಚಿಯ ಕಾಲು ತಬ್ಬಿ ಕುಳಿತಿದ್ದರು. ಹುಬ್ಬು ಸೀಳಿ ಮುಖವೆಲ್ಲ ರಕ್ತ. ಕೈಗೆ ಸಿಕ್ಕ ಕೊಡೆ ಎತ್ತಿ ಅವನ ಮೊಣಕೈಗೆ ಹೊಡೆದರು. ಒಂದಲ್ಲ, ನಾಲ್ಕು. "ಕಾಲು ತಗೀ ಸೂಳೇಮಗನ! ಹೆಣ್ಮಗಳ ಬೆನ್ನ ಮ್ಯಾಲೆ ನಿಲ್ತೀ? ತಗೀ ಅಂತೇನಿ!" ಐದನೆಯದಕ್ಕೆ ಎಲುಬಿನ ಸದ್ದು ಬಂತು. ಅವನು ಬೊಬ್ಬೆ ಹೊಡೆಯುತ್ತ ತನ್ನ ಕುರ್ಚಿಯ ಬುಡಕ್ಕೆ ಸರಿದ. ನಾನು ಆಗಲೂ ಏಳಲು ನೋಡುತ್ತಿದ್ದೆ. ಮಾವನವರೆದುರು ಮಲಗಿದ್ದೇನಲ್ಲ ಎಂದು ಮೈ ತಾನೇ ಹೊಯ್ದಾಡುತ್ತಿತ್ತು.

"ಬೀಳು ಅಲ್ಲೇ!" ಎಂದು ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಗುಡುಗಿದರು. "ಎದ್ದೆಂದ್ರ ನಾನ ಕೊಲ್ತೇನಿ ನಿನ್ನ. ಬೀಳು!"

ನಾಲ್ಕು ವರ್ಷದಲ್ಲಿ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಎಷ್ಟು ಹೊತ್ತು ಎಂದು ಹೇಳಲಾರೆ. ಕೊನೆಗೆ ಬೆಳಕು ಬಂತು, ನಡುಕ ನಿಂತಿತು. ಹುಡುಗಿ ನನ್ನನ್ನು ಓಣಿಯಲ್ಲೇ ಮಲಗಿಸಿ, ಕಾಲ ಕೆಳಗೆ ಎರಡು ಚೀಲ ಇಟ್ಟು ಎತ್ತರ ಮಾಡಿದಳು. ಬೊಬ್ಬೆ ಎದ್ದ ತೋಳು ಎದೆಗೆ ಒತ್ತಿಕೊಂಡು, ಅಳುತ್ತ ಬೈದಳು. "ಮೂರು ಸಲ ಹೇಳಿದ್ದೆ. ಬೆರಳು ಮಡಚಿ ತೋರಿಸಿದಿರಲ್ಲ, ಅಷ್ಟು ಗೊತ್ತಿದ್ದವರು ಯಾಕೆ ಎದ್ದಿರಿ?"

ಮಾವನವರು ರುಮಾಲಿನಿಂದ ಹಣೆ ಒತ್ತಿಕೊಂಡು ಕುಳಿತಿದ್ದರು. ಅವರೇ ಉತ್ತರ ಕೊಟ್ಟರು. "ನಾ ಎದ್ದೆನಲ್ಲವಾ. ಅದಕ್ಕ ಎದ್ಲು."

ಹುಡುಗಿಗೆ ಅರ್ಥವಾಗಲಿಲ್ಲ. ಅವರಿಗೆ ಆಗಿತ್ತು.

ಮುಂಬಯಿಯಲ್ಲಿ ಇಳಿದಾಗ ನನ್ನನ್ನು ಡೋಲಿಯಲ್ಲಿ ಹೊತ್ತರು. ರಕ್ತ ಹೋಗಿರಲಿಲ್ಲ. ಆದರೆ ಬೆಳಗ್ಗೆ ಬೆಳಗಾವಿಯಲ್ಲಿ ಆಡಿದ್ದ ಕೂಸು ಆ ಬಡಿದಾಟದ ಮೇಲೆ ಒಮ್ಮೆಯೂ ಆಡಲಿಲ್ಲ. ದವಾಖಾನೆಯ ಕನ್ನಡ ಬಲ್ಲ ಡಾಕ್ಟರು ಹೊಟ್ಟೆಗೆ ಕಿವಿಯ ಕೊಳವೆ ಹಚ್ಚಿ ಬಹಳ ಹೊತ್ತು ಆಲಿಸಿದರು. "ಬಡಿತ ಸರಿಯಾಗಿ ಸಿಗ್ತಾ ಇಲ್ಲ. ನಾಳೆ ತನಕ ನೋಡೋಣ. ಕೂಸು ಇದ್ದರೆ ಹೊಲಿಗೆ ಹಾಕ್ತೀವಿ, ಇಲ್ಲದಿದ್ದರೆ ತೆಗೀಬೇಕಾಗುತ್ತೆ" ಎಂದು ಮಾವನವರಿಗೆ ಹೇಳಿದ್ದು ನನಗೂ ಕೇಳಿಸಿತು. ನಾನು ಎರಡೂ ಅಂಗೈ ಹೊಟ್ಟೆಯ ಮೇಲಿಟ್ಟು ಮಲಗಿದೆ. ಹೊಟ್ಟೆ ಹಿಟ್ಟಿನ ಮುದ್ದೆಯಂತೆ ತಣ್ಣಗಿತ್ತು. ಅತ್ತೆಯ ಮುಖ ಕಣ್ಣಮುಂದೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು: ನನ್ನ ಮೊಣಕಾಲಿನ ಮೇಲೆ, ಕಂಬದ ಮೇಲೆ, ಗೋಡೆಯ ಮೇಲೆ. ಅಂಥ ಸಿಟ್ಟು ಬಾಳಿನಲ್ಲಿ ಮತ್ತೆ ಬರಲಿಲ್ಲ. ಎದುರಿಗೆ ಮಾವನವರು ಇದ್ದಿದ್ದರೆ ಆ ಕೊಡೆಯಿಂದಲೇ ಹೊಡೆದುಬಿಡುತ್ತಿದ್ದೆನೇನೋ.

ಮರುದಿನ ಮಧ್ಯಾಹ್ನ ಅವರು ಹಣೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ನನ್ನ ಕಾಲು ಮತ್ತೆ ನೆಲ ಹುಡುಕಿತು. ಈ ಸಲ ನಾನು ಅದನ್ನು ತಡೆದೆ. ಮಂಚದ ಸರಳು ಹಿಡಿದು ಮಲಗಿಯೇ ಇದ್ದೆ, ಸೆರಗನ್ನೂ ಎಳೆದುಕೊಳ್ಳಲಿಲ್ಲ. ಅವರು ಒಂದು ಸ್ಟೂಲು ಎಳೆದು ಮಂಚದ ಪಕ್ಕಕ್ಕೇ ಕುಳಿತರು. "ಆ ಹುಡಿಗೀನ ನೋಡಿ ಬಂದೆ" ಎಂದರು, ಗೋಡೆಗಲ್ಲ, ನನಗೇ. "ತೋಳಿಗೆ ಪಟ್ಟಿ ಸುತ್ಯಾರ. ಕೈ ಮುಗದು ಬಂದೆ. ಕೂಸು ಏನಾತು ಅಂತ ಕೇಳಿದ್ಲು. ಏನ್ ಹೇಳ್ಲಿ ಆಕಿಗೆ?"

ನಾನು ಸರಳು ಬಿಟ್ಟು ಎರಡೂ ಅಂಗೈ ಮತ್ತೆ ಹೊಟ್ಟೆಯ ಮೇಲಿಟ್ಟೆ. ಅವರು ಏಳಲಿಲ್ಲ. ಆಗ ಎಡ ಅಂಗೈಯ ಕೆಳಗೆ, ಒಳಗಿನಿಂದ, ಒಂದು ಒದೆ ಬಿತ್ತು. ಮೀನಿನ ಹಾಗಲ್ಲ, ಜಗಳಕ್ಕೆ ಬಂದವರ ಹಾಗೆ. ಇನ್ನೊಂದು. ಕೋಣೆಯಲ್ಲಿ ಹೇಳಿಸಲು ಬೇರೆ ಯಾರೂ ಇರಲಿಲ್ಲ.

"ಮಾವಾರ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಕೂಸು ಆಡಿತ್ರಿ. ಆಕಿಗೆ ಹೋಗಿ ಹೇಳ್ರಿ."

ಅವರು ಸ್ಟೂಲು ಬೀಳಿಸಿಕೊಂಡು ಓಡಿದರು. ನಾನು ಮಲಗಿಯೇ ಇದ್ದೆ.

ಹೊಲಿಗೆ ಹಾಕಿದರು, ತಿಂಗಳು ತುಂಬುವ ತನಕ ಅಲ್ಲೇ ಉಳಿದೆ. ಆ ಕೂಸೇ ನಿಮ್ಮ ದೊಡ್ಡತ್ತೆ. ಹುನಗುಂದಕ್ಕೆ ಬಂದಮೇಲೆ ಮಾವನವರೆದುರು ನಾನು ಕುಳಿತೇ ಕೂಸಿಗೆ ಉಣಿಸಿದೆ. ಅತ್ತೆ ಆರು ತಿಂಗಳು ನನ್ನ ಸಂಗಡ ಮಾತು ಬಿಟ್ಟರು, ಬಿಡಲಿ ಎಂದು ಬಿಟ್ಟೆ.

ಈ ಹಾಳೆಗಳನ್ನು ನಿಮ್ಮ ದೊಡ್ಡತ್ತೆಗೆ ಓದಲು ಕೊಡಿ, ಆದರೆ ಓದಿದ ಕೂಡಲೇ ಇಸಿದುಕೊಳ್ಳಿ. ಅವಳ ಕೈಗೆ ಸಿಕ್ಕ ಕಾಗದವೆಲ್ಲ ಒಗ್ಗರಣೆ ಡಬ್ಬಿಯ ಕೆಳಗೆ ಹೋಗುತ್ತದೆ. ನೀವಿಬ್ಬರೂ ಇವನ್ನು ಹರಿಯದಂತೆ, ನೆನೆಯದಂತೆ ಇಟ್ಟುಕೊಳ್ಳಿ. ನಾನು ಎರಡನೆಯ ಸಲ ಬರೆಯಲಾರೆ.