ಗಿಝಿ ನೇನಿ ಇಳಿಸಿ ನೋಡಿದ ಬಿಸಿ

ಸೆಗೆದ್ ಊರಿನ ಆ ಲ್ಯಾಬಿನಲ್ಲಿ ಗಿಝಿಯನ್ನು ಎಲ್ಲರೂ ನೇನಿ ಅಂತಲೇ ಕರೆಯುವುದು, ನಾವು ಅತ್ತೆ ಅನ್ನುವ ಹಾಗೆ. ಮೂವತ್ತೊಂದು ವರ್ಷದಿಂದ ಅಲ್ಲಿ ಟೆಕ್ನಿಷಿಯನ್. ಅವಳು ಅಳೆದ ಅಂಕಿ ಅಂದರೆ ಯಾರೂ ಇನ್ನೊಮ್ಮೆ ಅಳೆಯುತ್ತಿರಲಿಲ್ಲ. ಅವಳ ಆಸ್ತಿ ಅಂದರೆ ಅದೊಂದೇ.

ಅಳೆಯುವುದೇನು? ಸಾಸಿವೆಗಿಂತ ಸಣ್ಣ ಹನಿಯ ಬಿಸಿ. ಅದರೊಳಗೆ ಯಾವ ಥರ್ಮಾಮೀಟರ್ ತೂರಿಸುತ್ತೀರಿ? ಅದಕ್ಕೇ ಹನಿಯೊಳಗಿನ ಜೀವಕೋಶಗಳಿಗೆ ಜೆಲ್ಲಿಮೀನಿನ ಹೊಳೆಯುವ ಪ್ರೋಟೀನ್ ಸೇರಿಸಿರುತ್ತಾರೆ. ನೀಲಿ ಬೆಳಕು ಬಿಟ್ಟರೆ ಅದು ಹಸಿರಾಗಿ ಹೊಳೆಯುತ್ತದೆ, ಬಿಸಿ ಏರಿದಂತೆ ಮಂಕಾಗುತ್ತದೆ. ಎಷ್ಟು ಮಂಕಾದರೆ ಎಷ್ಟು ಡಿಗ್ರಿ ಎಂಬ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಅದು ನೇನಿಯ ಕೆಲಸ.

ಇಪ್ಪತ್ತು ಡಿಗ್ರಿಯಿಂದ ನಲವತ್ತೈದಕ್ಕೆ ಏರಿಸುವುದು ಯಾರಿಗಾದರೂ ಬರುತ್ತದೆ. ನೇನಿ ಮಾತ್ರ ಮತ್ತೆ ಇಪ್ಪತ್ತಕ್ಕೆ ಇಳಿಸಿಯೂ ನೋಡುತ್ತಿದ್ದಳು. ತಣ್ಣಗಾದ ಮೇಲೆ ಹಳೆಯ ಹೊಳಪು ಪೂರ್ತಿ ಮರಳಿದರೆ ಸರಿ. ಮರಳದಿದ್ದರೆ ಮಂಕಾದದ್ದು ಬಿಸಿಗಲ್ಲ, ನಾವು ಬಿಟ್ಟ ಬೆಳಕೇ ಪ್ರೋಟೀನನ್ನು ಕೊಂದಿದೆ ಅಂತ ಅರ್ಥ. ಇಳಿಸುವುದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನವೇ ಝೋಂಬೋರನ ಬಳಿ ಇರಲಿಲ್ಲ.

ಝೋಂಬೋರ್ ಅಂದರೆ ಲ್ಯಾಬಿನ ಯಜಮಾನ ಪ್ರೊಫೆಸರ್ ಹರ್ಶಾನಿಯ ಕಣ್ಮಣಿ, ಮೂವತ್ತರ ಹುಡುಗ. ಔಷಧಿ ಕೊಟ್ಟ ಕೂಡಲೇ ಕ್ಯಾನ್ಸರ್ ಕೋಶಗಳು ಎರಡು ಡಿಗ್ರಿ ಬಿಸಿಯಾಗುತ್ತವೆ ಅಂತ ಕಂಡುಹಿಡಿದಿದ್ದ. ಬರುವ ಸೋಮವಾರ ಸಂಜೆಯೊಳಗೆ ಲೇಖನ ಕಳಿಸಬೇಕಿತ್ತು.

"ನೇನಿ, ಏರಿದ್ದಷ್ಟೇ ಕೊಡಿ. ಇಳಿದದ್ದು ನಿಮ್ಮ ಹತ್ರಾನೇ ಇಟ್ಕೊಳ್ಳಿ, ಉಪ್ಪಿನಕಾಯಿ ಹಾಕೋಕಾಗುತ್ತೆ."

"ಹಾಕ್ತೀನಿ ಕಣೋ, ನಿನ್ನ ಮದುವೆಗೆ ಬಡಿಸ್ತೀನಿ," ಅಂತ ಹೇಳಿ ನೇನಿ ಏರಿದ ಅಂಕಿಗಳನ್ನು ಕೊಟ್ಟಳು. ಆದರೆ ಮನಸ್ಸು ಕೇಳಲಿಲ್ಲ. ಊಟ ಬಿಟ್ಟು ಕೂತು ಇಳಿಸಿದಳು. ನೂರಿದ್ದ ಹೊಳಪು ಮರಳಿ ಬಂದದ್ದು ತೊಂಬತ್ತೊಂದಕ್ಕೆ. ನೂರರಲ್ಲಿ ಒಂಬತ್ತು ಪಾಲು ಹೊಳಪು ಸತ್ತಿತ್ತು. ಅಂದರೆ ಹುಡುಗನ ಆ ಎರಡು ಡಿಗ್ರಿ ಬಿಸಿಯೇ ಅಲ್ಲ, ದೀಪದ ಹೊಡೆತ. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿ ಬರೆದಿಟ್ಟಳು. ಆಮೇಲೆ ಗಾಜು ತೊಳೆಯುವ ಸಿಂಕಿನ ಹತ್ತಿರ ಝೋಂಬೋರನನ್ನು ಹಿಡಿದು ಹೇಳಿದಳು.

ಅವನ ಮುಖ ಬಿಳಿಚಿತು. "ನೀವೇ ಮೇಷ್ಟ್ರಿಗೆ ಹೇಳಿ ನೇನಿ. ನಾನು ಹೇಳಿದ್ರೆ ನನ್ನ ಕತೆ ಮುಗೀತು."

ಮೇಷ್ಟ್ರಿಗೆ ಹೇಳುವುದು ಅಂದರೆ ಸೋಮವಾರದ ಮೀಟಿಂಗ್. ಆ ಲ್ಯಾಬಿನ ಪದ್ಧತಿ ಹೇಗೆ ಅಂದರೆ, ಟೆಕ್ನಿಷಿಯನ್ನುಗಳು ಮೀಟಿಂಗಿಗೆ ಕೂರುವುದಿಲ್ಲ. ಕಾಫಿ, ಖಾರದ ಪೊಗಾಚಾ ಬನ್ನು ಇಟ್ಟು, ಬಾಗಿಲು ಎಳೆದುಕೊಂಡು ಬರಬೇಕು. ಆ ಸೋಮವಾರ ನೇನಿ ತಟ್ಟೆ ಇಟ್ಟವಳು ಅಲ್ಲೇ ನಿಂತಳು.

"ಮೇಷ್ಟ್ರೇ, ಇಳಿಸಿದಾಗ ಹೊಳಪು ವಾಪಸ್ ಬರ್ತಿಲ್ಲ. ಒಂಬತ್ತು ಕಮ್ಮಿ ಬಂತು. ಲೇಖನ ಕಳಿಸೋ ಮುಂಚೆ..."

ಹರ್ಶಾನಿ ಪೊಗಾಚಾ ಕಚ್ಚಿದ. "ಗಿಝಿಕಾ, ಇವತ್ತು ಖಾರ ಒಂಬತ್ತು ಜಾಸ್ತಿ ಬಿದ್ದಿದೆ. ಅಲ್ಲಿಗೆ ಲೆಕ್ಕ ಸರಿ ಆಯ್ತು ಬಿಡಿ."

ಝೋಂಬೋರನೂ ಸೇರಿ ಕೂತಿದ್ದ ಏಳೂ ಜನ ನಕ್ಕರು. ನೇನಿಗೂ ಸುಮ್ಮನೆ ನಗು ಬಂತು, ಅದಕ್ಕೇ ಅವಳು ಆಮೇಲೆ ತನ್ನನ್ನು ತಾನು ಬೈದುಕೊಂಡದ್ದು. ಬಾಗಿಲು ಎಳೆದುಕೊಂಡು ಬಂದಳು.

ಲೇಖನ ಅಚ್ಚಾಯಿತು. ಹಣ್ಣಿನ ಸಾರಾಯಿ ಪಾಲಿಂಕಾ ಸುರಿದು ಕುಡಿದರು. ಒಂದು ವರ್ಷ ಕಳೆಯಿತು. ಆಮೇಲೆ ಹೊರದೇಶದ ಒಂದು ಲ್ಯಾಬಿನವರು, ಎಷ್ಟು ಸಲ ಮಾಡಿದರೂ ನಮ್ಮ ಕೋಶ ಬಿಸಿಯಾಗುತ್ತಿಲ್ಲವಲ್ಲ ಅಂತ ಬರೆದರು. ವಿಚಾರಣಾ ಸಮಿತಿ ಕೂತಿತು.

ನೇನಿಗೆ ಹೆದರಿಕೆ ಇರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ಹೋದಳು. ಪೆನ್ಸಿಲ್ ಸಾಲನ್ನು ಬೆರಳಿಟ್ಟು ತೋರಿಸಿದಳು. ಅಧ್ಯಕ್ಷೆ ಕನ್ನಡಕ ಏರಿಸಿ ಓದಿದಳು.

"ಅಂದ್ರೆ ನಿಮಗೆ ಆವತ್ತೇ ಗೊತ್ತಿತ್ತು."

"ಗೊತ್ತಿತ್ತು ಮೇಡಂ. ಹೇಳಿದೆ ಕೂಡ."

"ಬರೆದು ಕೊಟ್ರಾ?"

"ಬಾಯಲ್ಲಿ ಹೇಳಿದೆ. ಸೋಮವಾರದ ಮೀಟಿಂಗಲ್ಲಿ."

ಅಧ್ಯಕ್ಷೆ ಮೀಟಿಂಗಿನ ವರದಿ ತಿರುವಿದಳು. ಹಾಜರಿದ್ದವರು ಏಳು ಜನ. ನೇನಿಯ ಹೆಸರಿಲ್ಲ. ಇರುವುದಾದರೂ ಹೇಗೆ, ಬನ್ನು ಇಡುವವರ ಹೆಸರನ್ನು ಯಾರು ಬರೆಯುತ್ತಾರೆ? ಏಳೂ ಜನರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ಹರ್ಶಾನಿಗೆ ನೆನಪಿರಲಿಲ್ಲ. ಉಳಿದವರಿಗೂ ಇರಲಿಲ್ಲ. ಝೋಂಬೋರ್ ತನ್ನ ಬೂಟು ನೋಡಿಕೊಂಡು, "ಅಂಥದ್ದೇನೂ ಕಿವಿಗೆ ಬಿದ್ದಿಲ್ಲ," ಅಂದನಂತೆ.

ತೀರ್ಪು ಒಂದೇ ಪುಟ. ಲೇಖನ ವಾಪಸ್. ತಪ್ಪು ಅಂಕಿಯ ವಿಷಯ ಗೊತ್ತಿದ್ದೂ ಮುಚ್ಚಿಟ್ಟದ್ದು ಟೆಕ್ನಿಷಿಯನ್. ಸಾಕ್ಷಿ, ಅವಳದೇ ಅಕ್ಷರದ ಪೆನ್ಸಿಲ್ ಸಾಲು.

ನೇನಿಯನ್ನು ಅಳೆಯುವ ಕೆಲಸದಿಂದ ತೆಗೆದು ನೆಲಮಹಡಿಯ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಕೈಗವಸಿನ ಪೆಟ್ಟಿಗೆ ಜೋಡಿಸುವ ಕೆಲಸ. ಮೊದಲನೇ ವಾರವೇ ಝೋಂಬೋರ್ ಮೆಟ್ಟಿಲಿಳಿದು ಬಂದ. ಕಣ್ಣು ಕೆಂಪಗಿತ್ತು.

"ನೇನಿ, ಸೆಪ್ಟೆಂಬರಲ್ಲಿ ನನ್ನ ಕೆಲಸ ಕಾಯಂ ಆಗುತ್ತೆ. ಆದ ಮಾರನೇ ದಿನಾನೇ ಸಮಿತಿಗೆ ಬರೆದು ಕೊಡ್ತೀನಿ. ನನ್ನಮ್ಮನಾಣೆ."

"ನಿಮ್ಮಮ್ಮನ್ನ ಯಾಕೆ ಎಳೀತೀಯೋ, ಅವಳು ಒಳ್ಳೆಯವಳು," ಅಂದಳು ನೇನಿ. ಆದರೂ ನಂಬಿದಳು. ನಂಬದೆ ಇನ್ನೇನು ಮಾಡಬೇಕಿತ್ತು? ಆ ಏಳು ಜನರಲ್ಲಿ ಬಾಯಿ ಬಿಡುತ್ತೇನೆ ಅಂದವನು ಅವನೊಬ್ಬನೇ.

ಸೆಪ್ಟೆಂಬರ್ ಬಂತು, ಕೆಲಸ ಕಾಯಂ ಆಯಿತು. ಅಕ್ಟೋಬರ್ ಹೋಯಿತು. ನವೆಂಬರಿನ ಒಂದು ಮಧ್ಯಾಹ್ನ ಕ್ಯಾಂಟೀನಿನ ಸಾಲಿನಲ್ಲಿ ಅವನು ಮುಂದೆ, ನೇನಿ ಹಿಂದೆ.

"ಬರೆದ್ಯೇನೋ?"

ಅವನು ತಿರುಗಿದ. ಸುತ್ತ ನೋಡಿ ದನಿ ತಗ್ಗಿಸಿದ. "ನೇನಿ, ನೀವೇ ಯೋಚನೆ ಮಾಡಿ. ಈಗ ಹೋಗಿ ಹೇಳಿದ್ರೆ, ಗೊತ್ತಿದ್ದೂ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳಲ್ವಾ?"

"ಕೇಳ್ತಾರೆ," ಅಂದಳು ನೇನಿ. "ನನ್ನನ್ನೂ ಅದನ್ನೇ ಕೇಳಿದ್ರು."

ಮೀನಿನ ಸಾರು ಬಡಿಸುವವಳು ಸೌಟು ಎತ್ತಿ ಹಿಡಿದು, ಮುಂದಿನವರು ಯಾರು ಅಂತ ಕೂಗಿದಳು. ಝೋಂಬೋರ್ ತಟ್ಟೆ ಚಾಚಿದ.