ವಿಷಯ: ಹೊಲಿಗೆ ಅವಧಿಯನ್ನು ಗಣಿತಕ್ಕೆ ನೀಡುವ ಕುರಿತು

ಹೋದ ತಿಂಗಳು ಯಲಹಂಕ ಹಳೇ ಟೌನಿನ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ದಿಂಬಿನ ಗವಸುಗಳಿಗೆ ನಾಲ್ಕು ಮೀಟರ್ ಕೋರಾ ಬಟ್ಟೆ ಬೇಕಿತ್ತು. ಅಂಗಡಿಯವರು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಿಂದ ಪರ್ರನೆ ಹರಿದರು. ಆ ಸದ್ದಿನ ಜೊತೆಗೇ ಒಂದು ವಾಸನೆ ಎದ್ದಿತು. ಗಂಜಿ, ಹತ್ತಿ, ಸ್ವಲ್ಪ ಧೂಳು... ಇನ್ನೂ ನೀರು ಕಾಣದ ಬಟ್ಟೆಗೆ ಮಾತ್ರ ಇರುವ ವಾಸನೆ. ನಮ್ಮ ಹೈಸ್ಕೂಲಿನ ಹೊಲಿಗೆ ಕೋಣೆಗೆ ಇದೇ ವಾಸನೆ ಇತ್ತು. ಹೊಲಿಗೆ ಟೀಚರಿಗೂ ಇತ್ತು. ನಾನು ಕಷ್ಟಪಟ್ಟು ಮರೆತಿದ್ದ ಹೆಂಗಸು ಅವರು.

ನಮ್ಮದು ಕೊಡಿಗೇಹಳ್ಳಿ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆ. ಟೀಚರ್ ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಕೊರಳಲ್ಲಿ ಸದಾ ಅಳತೆಯ ಟೇಪು. ಬೆಳಗಿನ ಪ್ರಾರ್ಥನೆಗೆ ನಿಂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ, ಅದಕ್ಕಾಗಿ ಹೆಡ್‌ಮಿಸ್ ಹತ್ತಿರ ಬೈಸಿಕೊಳ್ಳುತ್ತಿದ್ದರು. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ನಮ್ಮನ್ನೆಲ್ಲ 'ಬೇಟಾ' ಎನ್ನುತ್ತಿದ್ದರು, ಸಿಟ್ಟು ಬಂದಾಗ ಮಾತ್ರ 'ಏನಮ್ಮಾ'. ಅವರ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಜೂನಿನಲ್ಲಿ ಆಡಳಿತ ಮಂಡಳಿಯವರು ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ನಾನು ಹೇಳಿಕೊಳ್ಳುವ ಹಾಗಿಲ್ಲ.

ಆಗ ನಾವು ಓದುತ್ತಿದ್ದ ರೀತಿಯೇ ವಿಚಿತ್ರ. ಬೆಲ್ ಹೊಡೆದರೆ ವಿಜ್ಞಾನ ಮುಚ್ಚಿಟ್ಟು ಸಮಾಜ ತೆಗೆಯಬೇಕು, ಇನ್ನೊಂದು ಬೆಲ್ಲಿಗೆ ಸಮಾಜ ಮುಚ್ಚಿಟ್ಟು ಕನ್ನಡ. ಒಂದು ಕ್ಲಾಸಿನ ಪಾಠವನ್ನು ಇನ್ನೊಂದಕ್ಕೆ ಒಯ್ದರೆ ದಂಡ ಬೀಳುತ್ತದೇನೋ ಎಂಬಂತೆ ಇರುತ್ತಿದ್ದೆವು. ಹೊಲಿಗೆ ಟೀಚರಿಗೆ ಮಾತ್ರ ಈ ಗೋಡೆಗಳು ಇರಲಿಲ್ಲ. ಯಾರಾದರೂ ಟೀಚರ್ ರಜೆ ಹಾಕಿದರೆ ಆ ಪಿರಿಯಡ್ಡಿಗೆ ಇವರನ್ನೇ ಕಳಿಸುತ್ತಿದ್ದರು. ಬಂದವರು ಸುಮ್ಮನೆ ಕೂರುತ್ತಿರಲಿಲ್ಲ. 'ಇವತ್ತು ಏನ್ ಪಾಠ ಇತ್ತು? ನನ್ಗೂ ಹೇಳ್ಕೊಡಿ' ಎನ್ನುತ್ತಿದ್ದರು. ಕಪ್ಪು ಮಣ್ಣಿನಲ್ಲಿ ಹತ್ತಿ ಬೆಳೆಯುತ್ತದೆ ಎಂದು ನಾವು ಗಿಣಿಪಾಠ ಒಪ್ಪಿಸಿದರೆ, ಬ್ಯಾಗಿನಿಂದ ಎರಡು ತುಂಡು ಬಟ್ಟೆ ತೆಗೆದು, ಉದ್ದ ಎಳೆಯ ಹತ್ತಿ ಯಾವುದು, ಗಿಡ್ಡ ಎಳೆಯದು ಯಾವುದು ಎಂದು ನಮ್ಮ ಬೆರಳಿಗೇ ಕೊಟ್ಟುಬಿಡುತ್ತಿದ್ದರು.

ಒಂಬತ್ತನೇ ತರಗತಿಯಲ್ಲಿ ಅಂಬ್ರೆಲಾ ಲಂಗ ಕತ್ತರಿಸುವುದನ್ನು ಹೇಳಿಕೊಟ್ಟರು. ಉಟ್ಟು ಗಿರ್ರನೆ ಸುತ್ತಿದರೆ ಕೊಡೆಯ ಹಾಗೆ ಅರಳುವ ಲಂಗ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೂಲೆಯಿಂದ ಟೇಪು ಹಿಡಿದು ಕಾಲು ವೃತ್ತ ಎಳೆಯಬೇಕು. ಸೊಂಟ ಇಪ್ಪತ್ತೆಂಟು ಇಂಚು ಇದ್ದರೆ ಮೂಲೆಯಿಂದ ಎಷ್ಟಕ್ಕೆ ಗುರುತು?

'ಆರರಿಂದ ಭಾಗ ಮಾಡಿ, ಒಂದು ಎಳೆ ಒಳಗೆ ಇಡು' ಎಂದರು.

'ಆರೇ ಯಾಕೆ ಟೀಚರ್?'

'ಅದು ನನ್ಗೆ ಗೊತ್ತಿಲ್ಲ ಬೇಟಾ. ನಮ್ಮ ಅಮ್ಮಿ ಹಂಗೇ ಹೇಳ್ಕೊಟ್ಟಿದ್ರು.'

ಅಂದು ಸಂಜೆ ಮನೆಯಲ್ಲಿ ಕೂತು ಯೋಚಿಸುವಾಗ ಹೊಳೆಯಿತು. ಎರಡು ಪೈ ಆರ್! ಬಾಯಿಪಾಠ ಮಾಡಿ ಮಾಡಿ ಸವೆದುಹೋಗಿದ್ದ ಸೂತ್ರ ಅದು. ಪೈ ಎಂದರೆ ಮೂರಕ್ಕೆ ಸ್ವಲ್ಪ ಮೇಲೆ, ಅದರ ಎರಡರಷ್ಟು ಎಂದರೆ ಆರಕ್ಕೆ ಸ್ವಲ್ಪ ಮೇಲೆ. ಸುತ್ತಳತೆಯನ್ನು ಅದರಿಂದ ಭಾಗಿಸಿದರೆ ತ್ರಿಜ್ಯ. ಬರೀ ಆರರಿಂದ ಭಾಗಿಸಿದರೆ ಉತ್ತರ ತುಸು ಹೆಚ್ಚು ಬರುತ್ತದೆ, ಹಾಗಾಗಿ ಒಂದು ಎಳೆ ಒಳಗೆ ಯಾಕೆ ಎಂಬುದೂ ತಿಳಿಯಿತು. ಮರುದಿನ ಓಡಿಹೋಗಿ ಅವರಿಗೆ ಹೇಳಿದೆ. ಅವರು ಹೊಲಿಗೆ ಮೆಷಿನ್ ನಿಲ್ಲಿಸಿ, ಇನ್ನೊಂದು ಸಲ ಹೇಳಿಸಿ, ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕರು. 'ಅಯ್ಯೋ, ನಮ್ಮಮ್ಮಿ ಸ್ಕೂಲ್ ಮೆಟ್ಟಿಲೇ ಹತ್ತಿರ್ಲಿಲ್ಲ ಬೇಟಾ! ಇಷ್ಟ್ ವರ್ಷಕ್ಕೆ ನೀನ್ ನನ್ಗೆ ಕಾರಣ ಹೇಳ್ದೆ' ಎಂದರು. ಗಣಿತ ಎಂದರೆ ನನಗೆ ಇಷ್ಟವಾಗಲು ಶುರುವಾದದ್ದು ಆ ದಿನ, ಗಣಿತದ ಕ್ಲಾಸಿನಲ್ಲಿ ಅಲ್ಲ.

ಹತ್ತನೇ ತರಗತಿಗೆ ಬಂದೆವು. ನವೆಂಬರ್ ಬಂತೆಂದರೆ ಎಸ್ಸೆಸ್ಸೆಲ್ಸಿಯವರ ಟೈಮ್‌ಟೇಬಲ್ಲಿನಲ್ಲಿ ಬೇಟೆ ಆರಂಭ. ಮೊದಲು ಆಟದ ಪಿರಿಯಡ್ ಹೋಗುತ್ತದೆ, ಆಮೇಲೆ ಸಂಗೀತ, ಡ್ರಾಯಿಂಗ್. ಆ ಟೀಚರುಗಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ವಾರಕ್ಕೆ ಎರಡು ಹೊಲಿಗೆ ಪಿರಿಯಡ್ ಮಾತ್ರ ಹೇಗೋ ಉಳಿದುಕೊಂಡಿದ್ದವು. ನಮ್ಮ ಗಣಿತದ ಮೇಷ್ಟ್ರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು. ಕ್ಲಾಸ್ ಲೀಡರ್ ಆಗಿದ್ದ ನನ್ನನ್ನು ಕರೆದು, 'ನೋಡಮ್ಮಾ, ಆ ಎರಡು ಪಿರಿಯಡ್ ಸಿಕ್ಕಿದ್ರೆ ಪೋರ್ಷನ್ ಮುಗ್ಸಿ ರಿವಿಜನ್ನೂ ಮಾಡಿಸ್ತೀನಿ. ನಾನ್ ಹೋಗಿ ಕೇಳಿದ್ರೆ ಚೆನ್ನಾಗಿರಲ್ಲ. ನೀವೇ ಒಂದ್ ಲೆಟರ್ ಬರ್ದು ಹೆಡ್‌ಮಿಸ್ಸಿಗೆ ಕೊಡಿ' ಎಂದರು.

ನನಗೆ ನೂರಕ್ಕೆ ನೂರು ಬೇಕಿತ್ತು. ಅದೊಂದೇ ಕಾರಣ. ಬೇರೆ ಯಾವ ದೊಡ್ಡ ಕಾರಣವನ್ನೂ ಈಗ ಹುಡುಕಲಾರೆ.

ಪತ್ರಲೇಖನಕ್ಕೆ ಕನ್ನಡ ಪರೀಕ್ಷೆಯಲ್ಲಿ ನನಗೆ ಯಾವಾಗಲೂ ಪೂರ್ತಿ ಅಂಕ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ... ಎಲ್ಲ ಅಚ್ಚುಕಟ್ಟಾಗಿ ಬರೆದೆ. ಪರೀಕ್ಷೆ ಹತ್ತಿರ ಬಂದಿದೆ ಎಂದು ಬರೆದು ನೋಡಿದರೆ ಪತ್ರ ತೆಳ್ಳಗೆ ಕಂಡಿತು. ಕಾರಣ ಗಟ್ಟಿಯಾಗಿದ್ದರೆ ಅಂಕ ಜಾಸ್ತಿ ಎಂದು ಕನ್ನಡ ಮಿಸ್ ಹೇಳಿಕೊಟ್ಟಿದ್ದರು. ಹಾಗಾಗಿ ಇನ್ನೊಂದು ವಾಕ್ಯ ಸೇರಿಸಿದೆ: 'ಹೊಲಿಗೆ ತರಗತಿಯಿಂದ ನಮಗೆ ಯಾವುದೇ ಪ್ರಯೋಜನವಾಗುತ್ತಿಲ್ಲ, ನಮ್ಮ ಅಮೂಲ್ಯ ಸಮಯ ವ್ಯರ್ಥವಾಗುತ್ತಿದೆ.'

ಚಿಕ್ಕಜಾಲದಿಂದ ಬರುತ್ತಿದ್ದ ನನ್ನ ಪಕ್ಕದ ಹುಡುಗಿ ಸಹಿ ಹಾಕುವ ಮುಂಚೆ ಓದಿ, 'ಇಂಗೆಲ್ಲಾ ಬರೀಬ್ಯಾಡ ಕಣೇ, ಪಾಪ' ಎಂದಳು.

'ಅಯ್ಯೋ, ಅದು ಬರೀ ಫಾರ್ಮ್ಯಾಟ್ ಕಣೇ. ಕಾರಣ ಇಲ್ದೆ ಯಾರಾದ್ರೂ ಲೆಟರ್ ಬರೀತಾರಾ?' ಎಂದೆ.

ಅವಳು ಸಹಿ ಹಾಕಿದಳು. ಎಲ್ಲರೂ ಹಾಕಿದರು. ಎರಡು ಪಿರಿಯಡ್ ಹೋಗುತ್ತವೆ ಎಂದಷ್ಟೇ ನಾನು ಎಣಿಸಿದ್ದೆ. ಆದರೆ ಹೆಡ್‌ಮಿಸ್ ಆ ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು ಪತ್ರವನ್ನು ಆಡಳಿತ ಮಂಡಳಿಗೆ ಕಳಿಸಿದರಂತೆ. ಮಕ್ಕಳೇ ಪ್ರಯೋಜನವಿಲ್ಲ ಎಂದ ಮೇಲೆ ಹೊಲಿಗೆ ಯಾಕೆ, ಹೊಲಿಗೆ ಟೀಚರ್ ಯಾಕೆ? ಡಿಸೆಂಬರ್ ಮುಗಿಯುವಷ್ಟರಲ್ಲಿ ಅವರನ್ನು ಕೆಲಸದಿಂದ ಬಿಡಿಸಿದರು.

ಕೊನೆಯ ದಿನ ಅವರು ನಮ್ಮ ಕ್ಲಾಸಿಗೆ ಬಂದರು. ನಮಗೆ ಕೊಟ್ಟಿದ್ದ ಕತ್ತರಿಗಳನ್ನು ವಾಪಸ್ಸು ತೆಗೆದುಕೊಳ್ಳಬೇಕಿತ್ತು. ಒಂದೊಂದನ್ನೇ ಬಿಡಿಸಿ ನೋಡಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಬಾಗಿಲ ಹತ್ತಿರ ನಿಂತು, 'ಲೆಟರ್ ನನ್ಗೂ ತೋರಿಸಿದ್ರು. ಕನ್ನಡ ಬಹಳ ಚೆನ್ನಾಗ್ ಬರ್ದಿದ್ದೀರಾ' ಎಂದರು. ಕುಹಕ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಇಷ್ಟು ವರ್ಷ ಸುಲಭವಾಗುತ್ತಿತ್ತು. ಯಾರು ಬರೆದದ್ದು ಎಂದು ಅವರು ಕೇಳಲಿಲ್ಲ. ನಾನು ಡೆಸ್ಕಿನ ಮೇಲಿನ ಗೀಚು ನೋಡುತ್ತಾ ಕೂತೆ. 'ಎಕ್ಸಾಮ್ ಚೆನ್ನಾಗ್ ಮಾಡಿ ಬೇಟಾ' ಎಂದು ಹೋದರು.

ಗಣಿತದಲ್ಲಿ ನನಗೆ ತೊಂಬತ್ತೇಳು ಬಂತು.

ಈಗ ಅಲ್ಲಾಳಸಂದ್ರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ವೃತ್ತದ ಪಾಠ ಬಂದರೆ ಹಳೇ ಪೇಪರನ್ನು ನಾಲ್ಕು ಮಡಿಕೆ ಮಾಡಿ ಲಂಗ ಕತ್ತರಿಸಿ ತೋರಿಸುತ್ತೇನೆ. 'ಸೂಪರ್ ಮಿಸ್, ನಮ್ ಸ್ಕೂಲಲ್ಲಿ ಹಿಂಗೆ ಹೇಳ್ಕೊಡಲ್ಲ' ಎನ್ನುತ್ತಾರೆ ಮಕ್ಕಳು. ನಾನು ನಗುತ್ತೇನೆ, ಅದು ನನ್ನದೇ ಸ್ವಂತ ಬುದ್ಧಿ ಎಂಬ ಹಾಗೆ.

ಟೀಚರ್ ಆರ್.ಟಿ. ನಗರದ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಸಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಬಗ್ಗಿದ ತಲೆ, ಕೊರಳಲ್ಲಿ ಟೇಪು... ನೋಡಿದಾಗಲೆಲ್ಲ ಮುಂದಿನ ವಾರ ಇಳಿಯೋಣ ಎಂದುಕೊಳ್ಳುತ್ತಿದ್ದೆ. ಆಮೇಲೆ ಟ್ಯೂಷನ್ ಮನೆಯಲ್ಲೇ ಶುರುವಾಗಿ ಆ ಕಡೆಯ ಓಡಾಟ ನಿಂತಿತು. ನಿಜ ಹೇಳಬೇಕೆಂದರೆ, ನಿಂತದ್ದು ಹಾಯೆನಿಸಿತ್ತು.

ಕೋರಾ ಬಟ್ಟೆ ತಂದ ಮರುದಿನ ಮಧ್ಯಾಹ್ನ ಹೋದೆ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಅಂಗಡಿ ತೆರೆದಿತ್ತು. ಮೆಷಿನ್ನಿನ ಹಿಂದೆ ಅವರದೇ ಮುಖದ ಒಬ್ಬಳು ಹುಡುಗಿ.

'ಟೀಚರ್ ಇದ್ದಾರಾ?'

'ಅಮ್ಮಿ ತೀರ್ಕೊಂಡ್ರು ಅಕ್ಕಾ. ಎರಡು ವರ್ಷ ಆಯ್ತು' ಎಂದಳು. ಟೀಚರ್ ಎಂಬ ಮಾತು ಕೇಳಿಯೇ ಅವಳಿಗೆ ಗೊತ್ತಾಗಿತ್ತು. 'ನೀವು ಸ್ಕೂಲ್ ಸ್ಟೂಡೆಂಟಾ?' ಎಂದು ಎದ್ದು ಸ್ಟೂಲ್ ಕೊಟ್ಟಳು. ಯಾವ ವರ್ಷದವಳು ಎಂದು ಕೇಳಿದಳು, ನಾನು ಹೇಳಿದ ಕೂಡಲೇ ಅವಳ ಮುಖ ಅರಳಿತು.

'ಅದೇ ಅಮ್ಮೀದು ಲಾಸ್ಟ್ ಬ್ಯಾಚು! ಯಾವಾಗ್ಲೂ ಹೇಳೋರು ನಿಮ್ ಬಗ್ಗೆ. ಬಹಳ ಹುಷಾರ್ ಹುಡ್ಗೀರು, ಮ್ಯಾತ್ಸಿಗೆ ಟೈಮ್ ಸಾಲ್ತಿರ್ಲಿಲ್ಲ, ಅದಕ್ಕೆ ನನ್ ಪಿರಿಯಡ್ ನಾನೇ ಬಿಟ್ಕೊಟ್ಟು ಕೆಲ್ಸಾನೂ ಬಿಟ್ಟು ಬಂದೆ ಅಂತ. ಎಲ್ರೂ ಪಾಸಾದ್ರಂತಲ್ಲ? ರಿಸಲ್ಟ್ ಬಂದ ದಿನ ನಮ್ಗೆಲ್ಲಾ ಖೀರು ಮಾಡಿ ಕೊಟ್ಟಿದ್ರು.'

'ಆ ಪತ್ರ...' ಎಂದು ನನ್ನ ಬಾಯಿಯಿಂದ ಆಗಲೇ ಬಂದುಬಿಟ್ಟಿತ್ತು.

'ಯಾವ ಪತ್ರ ಅಕ್ಕಾ?'

ನಾನು ಅವಳ ಮುಖ ನೋಡಿದೆ. ಮನೆಯಲ್ಲಿ ತಲೆ ತಗ್ಗಿಸದೆ ಇರಲು ಟೀಚರ್ ಹೇಳಿಕೊಂಡಿದ್ದ ಒಂದೇ ಒಂದು ಸುಳ್ಳು ಅದು. ನಮ್ಮ ಹೆಸರೂ ಕೆಡದಂತೆ ಹೇಳಿದ್ದರು. ನಾನು ನಿಜ ಹೇಳಿ ಹಗುರಾಗಬಹುದಿತ್ತು, ಆದರೆ ಆಮೇಲೆ ಆ ಹುಡುಗಿ ತನ್ನ ತಾಯಿಯನ್ನು ಕೆಲಸದಿಂದ ತೆಗೆದುಹಾಕಿದ್ದರು ಎಂದು ತಿಳಿದುಕೊಂಡೇ ಆ ಮೆಷಿನ್ ತುಳಿಯಬೇಕಾಗುತ್ತಿತ್ತು.

'ಏನಿಲ್ಲಮ್ಮಾ' ಎಂದೆ. 'ನಿಮ್ಮಮ್ಮಿಗೆ ಒಂದ್ ಪತ್ರ ಬರೀಬೇಕಿತ್ತು. ಬರೀಲೇ ಇಲ್ಲ.'

'ಪರ್ವಾಗಿಲ್ಲ ಬಿಡಿ ಅಕ್ಕಾ. ಬಂದ್ರಲ್ಲ' ಎಂದಳು, ಮತ್ತೆ ಮೆಷಿನ್ನಿಗೆ ಕೂತಳು.