ಸ್ಕೇಟಿಂಗ್ ಬೂಟಿಗೆ ಅಜ್ಜಿ ಹಾಕಿದ ಹೊಲಿಗೆ

ಇವತ್ತು ಬೆಳಿಗ್ಗೆ ಮಗಳು ಸಡಿಲವಾದ ಸ್ಕೇಟಿಂಗ್ ಬೂಟಿನ ತುದಿಗೆ ಹತ್ತಿ ತುರುಕುತ್ತಿದ್ದಳು. ಎಲ್ಲಿ ಬಿದ್ದಾಳೋ ಎಂದು ವಾರದಿಂದ ನಿದ್ದೆಗೆಟ್ಟಿದ್ದ ನನಗೆ ಗಂಗಾವತಿಯ ಹಳೆಯ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು.

ಚಿಕ್ಕಂದಿನಲ್ಲಿ ನನಗೆ ಸಿಕ್ಕಿದ್ದು ದೊಡ್ಡಪ್ಪನ ಮಗಳ ಹಳೆಯ ಬೂಟು. ಚಕ್ರದ ಬೂಟು ತೊಟ್ಟು ಆಡುವ ಶಾಲೆಯ ರೋಲರ್ ಹಾಕಿಯಲ್ಲಿ ಚೆಂಡಿನತ್ತ ತಿರುಗಿದರೆ ಸಾಕು, ಹಿಮ್ಮಡಿ ಮೇಲೆದ್ದು ಕಾಲು ಹೊರಳುತ್ತಿತ್ತು. "ನಾಳಿನೂ ಹಿಂಗಾದ್ರ ಮ್ಯಾಚಿಗೆ ಬ್ಯಾಡವ್ವ," ಎಂದಿದ್ದರು ಸರ್. ಮನೆಗೆ ಬಂದು ಅಳುತ್ತಲೇ ತುದಿಗೆ ಇನ್ನಷ್ಟು ಹತ್ತಿ ತುಂಬಿದೆ.

ಕೌದಿ ಹೊಲಿಯುತ್ತಿದ್ದ ಅಜ್ಜಿ ಬೂಟು ಕಸಿದುಕೊಂಡಳು. "ಇದೇನು ಬೂಟೋ ತಲಿದಿಂಬೋ? ಮುಂದ ಬೆರಳು ಒದ್ದಾಡಾಕ ಹತ್ಯಾವು, ಹಿಂದ ಖಾಲಿ ಐತಿ."

"ಹಂಗಾರ ಹಿಮ್ಮಡಿ ಕೆಳಗ ಇಡ್ಲೇನು?"

"ಕೆಳಗಿಟ್ರ ಇನ್ನೂ ಮ್ಯಾಲೆ ಬರ್ತೈತಿ, ಶ್ಯಾಣ್ಯಾಕಿ!"

ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಹಿಮ್ಮಡಿಯ ಮೇಲೆ ನರದ ಎರಡೂ ಬದಿಗಿರುವ ತಗ್ಗನ್ನು ಹೆಬ್ಬೆರಳಿನಿಂದ ತಡಕಿದಳು. ಹಳೆಯ ಸೀರೆಯ ಚೂರುಗಳನ್ನು ಮಡಚಿ, ಒತ್ತೊತ್ತಾಗಿ ಮೆತ್ತೆ ಹೊಲಿದು, ಬೂಟಿನೊಳಗೆ ಆ ತಗ್ಗಿಗೆ ಸರಿಯಾಗಿ ಕೂರಿಸಿದಳು. ಬೂಟು ತೊಡಿಸಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿಸಿ, ಆಮೇಲೆ ಲೇಸು ಬಿಗಿದಳು. ಹಿಮ್ಮಡಿ ಅಲುಗಲಿಲ್ಲ. ಮರುದಿನ ಆಡಿದೆ. ಬಿದ್ದೆ ಕೂಡ, ಆದರೆ ಕಾಲು ಹೊರಳಿ ಅಲ್ಲ, ಚೆಂಡಿನ ಆಸೆಗೆ.

ಇವತ್ತು ನಾನೂ ಹಾಗೇ ಎರಡು ಮೆತ್ತೆ ಹೊಲಿದು, ಮಗಳಿಗೆ ಬೂಟು ತೊಡಿಸಿ ನಿಲ್ಲಿಸಿದೆ. ಹಿಡಿದ ಅವಳ ಭುಜ ಮಾತ್ರ ಬಿಡಲಿಲ್ಲ.

"ಕುಂತೈತಿ ಅವ್ವಾ, ಇನ್ನ ಕೈ ಬಿಡು," ಎಂದಳು.

ಬಿಟ್ಟೆ.